ನಾನು ಓದದೆ ಬಿಟ್ಟ ಆರು ಸಾಲು

ಸ್ಯಾನ್ ಡಿಯೇಗೊ
೧೨ ಫೆಬ್ರುವರಿ ೨೦೧೮

ಪ್ರೀತಿಯ ತಂಗಿ ತುಳಸಿಗೆ ಶಾಮಲಕ್ಕನ ಆಶೀರ್ವಾದ.

ಮೇಲೆ ‘ಶ್ರೀ’ ಬರೆದಿಲ್ಲ. ಮರೆತದ್ದಲ್ಲ. ಮುಂದೆ ಓದಿದರೆ ತಿಳಿಯುತ್ತದೆ.

ಹೋದ ವಾರ ನೀನು ಫೋನ್ ಮಾಡಿ, ಯುದ್ಧ ಮುಗಿದ ಮೇಲೆ ಅಪ್ಪ ನೈಜೀರಿಯಾದಿಂದ ಗದಗಿಗೆ ಬರೆದ ಪತ್ರ ಇದೆಯೇ ಎಂದು ಕೇಳಿದೆ. ಅಪ್ಪ ಇದ್ದಿದ್ದರೆ ಬರುವ ಭಾನುವಾರ ತೊಂಬತ್ತು ತುಂಬುತ್ತಿತ್ತು, ಎಲ್ಲರನ್ನೂ ವೆಸ್ಟ್ ಕೊವಿನಾದ ನಮ್ಮ ಮನೆಗೆ ಕರೆದಿದ್ದೇನೆ, ಮಕ್ಕಳ ಮುಂದೆ ನೀನೇ ಅದನ್ನು ಓದಬೇಕು ಅಕ್ಕಾ ಅಂದೆ. ಪತ್ರ ಸಿಗುವ ಮೊದಲೇ ಫ್ರೇಮ್ ತಂದಿಟ್ಟ ಪುಣ್ಯಾತ್ಗಿತ್ತಿ ನೀನು! ಅವ್ವ ಅದನ್ನು ಅಂದೇ ಒಲೆಗೆ ಹಾಕಿಸಿದಳು ಎಂದು ನಾನು ಅಂದುಬಿಟ್ಟೆ. ಸುಳ್ಳು ಹೇಳಿದೆ. ಪತ್ರ ನನ್ನ ಹತ್ತಿರವೇ ಇದೆ. ಇವತ್ತು ಟೊರ್ರಿ ಪೈನ್ಸ್‌ನ ಲ್ಯಾಬಿಗೆ ರಜೆ ಹಾಕಿ ಬರೆಯಲು ಕುಳಿತಿದ್ದೇನೆ. ಎರಡು ತಾಸು ಡ್ರೈವ್ ಮಾಡಿ ಬಂದು ನಿನ್ನ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ.

ಆಗ ನಿನಗೆ ನಾಲ್ಕು ವರ್ಷ, ನನಗೆ ಹನ್ನೊಂದು. ಅಪ್ಪ ಅಲ್ಲಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಆ ದೇಶದವರು ತಮ್ಮತಮ್ಮಲ್ಲೇ ಕಾದಾಡತೊಡಗಿದ ಮೇಲೆ ಎರಡೂವರೆ ವರ್ಷ ಅವನ ಸುದ್ದಿಯೇ ಇರಲಿಲ್ಲ. ಅವ್ವನಿಗೆ ಓದಲು ಬರುತ್ತಿರಲಿಲ್ಲವಲ್ಲ, ಪತ್ರ ಬಂದಾಗ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನನ್ನೆದುರು ಕುಳಿತಳು. ಮೇಲೆ ‘ಶ್ರೀ’ ಇರಲಿಲ್ಲ, ಅಂದರೆ ಸಾವಿನ ಸುದ್ದಿ. ಅಪ್ಪನ ಜೊತೆಗೇ ಹೋಗಿದ್ದ ಏಕನಾಥ ಮಾಸ್ತರರು ಬಾಂಬಿಗೆ ಸಿಕ್ಕಿ ಸತ್ತಿದ್ದರು. ಅವರು ಅಲ್ಲಿಯೇ ಮದುವೆಯಾಗಿದ್ದ ಹೆಂಡತಿ ಹಸಿವಿನಿಂದ ಸತ್ತಿದ್ದಳು. ಅಷ್ಟನ್ನು ಓದಿದೆ.

ಆಮೇಲಿನ ಆರು ಸಾಲು ನನಗೆ ಇವತ್ತಿಗೂ ಬಾಯಿಪಾಠ. ಅಪ್ಪ ಬರೆದಿದ್ದ: ಅವರ ಮೂರು ವರ್ಷದ ಮಗಳು ಹರಿಣಿ ನನ್ನ ಹತ್ತಿರ ಇದ್ದಾಳೆ, ಹೊಟ್ಟೆ ಉಬ್ಬಿದೆ, ಕಾಲು ಕಡ್ಡಿಯಾಗಿವೆ, ನನ್ನ ಅಂಗಿ ಹಿಡಿದೇ ಮಲಗುತ್ತಾಳೆ. ನೀನು ಹೂಂ ಅಂದರೆ ನಮ್ಮ ಮೂರನೆಯ ಮಗಳೆಂದು ಕರೆತರುತ್ತೇನೆ. ನಿನ್ನ ಉತ್ತರದಲ್ಲಿ ಅವಳ ಮಾತಿಲ್ಲದಿದ್ದರೆ ನಿನಗೆ ಮನಸ್ಸಿಲ್ಲ ಎಂದು ತಿಳಿದು ಇಲ್ಲಿಯ ಅನಾಥಾಲಯಕ್ಕೆ ಒಪ್ಪಿಸುತ್ತೇನೆ, ಮತ್ತೆ ಕೇಳುವುದಿಲ್ಲ.

ಅದಷ್ಟನ್ನೂ ಬಿಟ್ಟು ನಾನು ಕೊನೆಯ ಸಾಲಿಗೆ ಹಾರಿದೆ. ನಾಲ್ಕು ವರ್ಷ ಅಪ್ಪನ ದಾರಿ ಕಾದವಳು ನಾನು, ಅವನ ಅಂಗಿ ಹಿಡಿದು ಇನ್ನೊಬ್ಬಳು ಮಲಗುತ್ತಾಳೆ ಎಂದು ಓದಿ ಹೊಟ್ಟೆ ಉರಿದುಹೋಯಿತು. ಇಂಥ ಪತ್ರ ಮನೆಯಲ್ಲಿ ಇಡಬಾರದು, ಹರಿದು ಒಲೆಗೆ ಹಾಕು ಅಂದಳು ಅವ್ವ. ಅಪ್ಪನ ಅಕ್ಷರ ಸುಡಲು ಕೈ ಬರಲಿಲ್ಲ. ಐದನೆಯ ಇಯತ್ತೆಯ ಕನ್ನಡ ಪುಸ್ತಕದ ಖಾಕಿ ಹೊದಿಕೆಯೊಳಗೆ ಬಚ್ಚಿಟ್ಟೆ. ಅವ್ವ ಹೇಳಿ ಬರೆಸಿದ ಉತ್ತರದಲ್ಲಿ, ಬೇಗ ಬನ್ನಿ ಎಂಬುದಷ್ಟೇ ಇತ್ತು.

ಅಪ್ಪ ಒಬ್ಬನೇ ಬಂದ. ಸಾಯುವವರೆಗೂ ಅವ್ವನ ಜೊತೆ ಉಪ್ಪು, ಎಣ್ಣೆಯ ಮಾತು ಬಿಟ್ಟು ಬೇರೆ ಆಡಲಿಲ್ಲ. ತಾನೇನು ತಪ್ಪು ಮಾಡಿದೆ ಎಂದು ಅವ್ವ ನನ್ನನ್ನೇ ಕೇಳುತ್ತಿದ್ದಳು. ಯುದ್ಧ ಕಂಡವರು ಹಾಗೆಯೇ ಎಂದು ನಾನು ಹೇಳುತ್ತಿದ್ದೆ. ಕೊನೆಯ ಕಾಯಿಲೆಯಲ್ಲಿ ಅಪ್ಪ ನನ್ನೊಬ್ಬಳಿಗೇ ಹೇಳಿದ, ಒಪ್ಪಿಸಿದ ಮೂರನೆಯ ತಿಂಗಳಿಗೇ ಆ ಮಗು ತೀರಿಕೊಂಡಿತಂತೆ. ಆಗಲೂ ಬಾಯಿ ಬಿಡಲಿಲ್ಲ ನಾನು, ಪಾಪಿ.

ಅವ್ವ ಹೋದ ಮೇಲೆ ಆ ಪುಸ್ತಕವನ್ನು ಇಲ್ಲಿಗೆ ತಂದೆ, ಹೊದಿಕೆ ಮಾತ್ರ ಇನ್ನೂ ಬಿಚ್ಚಿಲ್ಲ. ಈಗ ಬಿಚ್ಚಿ, ಪತ್ರವನ್ನು ಇದರ ಜೊತೆ ಕಳಿಸುತ್ತೇನೆ. ಭಾನುವಾರ ನೀನೇ ಓದು, ಒಂದು ಸಾಲೂ ಬಿಡಬೇಡ. ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳುವಾಗಲೂ ಬಿಡಬೇಡ. ಆಮೇಲೂ ನಾನು ನಿನ್ನ ಮನೆಗೆ ಬರಬಹುದು ಅನಿಸಿದರೆ ಒಂದು ಫೋನ್ ಮಾಡು. ಮಾಡದಿದ್ದರೆ ತಿಳಿದುಕೊಳ್ಳುತ್ತೇನೆ.

ಇದನ್ನು ಹರಿಯಬೇಡ.

ನಿನ್ನ ಅಕ್ಕ,
ಶಾಮಲಾ

ತಾ.ಕ.: ಈಗಷ್ಟೇ ಪತ್ರ ಬಿಡಿಸಿದೆ. ಅಪ್ಪ ತೀರಿಕೊಂಡ ಮೇಲೆ ನೀನು ನನ್ನ ಹಳೆಯ ಪುಸ್ತಕಗಳನ್ನಿಟ್ಟುಕೊಂಡೇ ಅವ್ವನಿಗೆ ಓದುಬರಹ ಕಲಿಸಿದೆಯಲ್ಲ? ಅವ್ವ ಇದನ್ನು ಓದಿದ್ದಾಳೆ ತುಳಸಿ. ಓದಿ ಇದ್ದಲ್ಲೇ ಇಟ್ಟು, ಸಾಯುವವರೆಗೂ ನನಗೆ ಒಂದು ಮಾತು ಅನ್ನಲಿಲ್ಲ. ಆ ಆರು ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ, ಅವಳ ಆ ಸೊಟ್ಟಪಟ್ಟ ದಪ್ಪ ಅಕ್ಷರದಲ್ಲಿ ಬರೆದಿದೆ: ‘ಕರಕೊಂಡ ಬರ್ರಿ.’