ನೀಲಗಂಗವ್ವನ ಕೈ ಹಿಡಿಯುವ ವಿಷಯ

ಐರಣಿ, ಶುಕ್ರವಾರ

ಪಾಸ್ಟರ್ ಮನೆಯ ಅಮ್ಮನವರಿಗೆ ಸುರೇಖಾಳ ವಂದನೆಗಳು.

ಭಾನುವಾರ ನೀಲಗಂಗವ್ವನ ದೀಕ್ಷಾಸ್ನಾನಕ್ಕೆ ನಮ್ಮೂರ ಹೊಳೆಯಲ್ಲಿ ನಾನೇ ಅವಳ ಕೈ ಹಿಡಿಯಬೇಕೆಂದು ಹೇಳಿ ಕಳಿಸಿದ್ದೀರಿ. ನನಗೆ ಮನಸ್ಸಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಾನು ಕೊಟ್ಟ ಸುವಾರ್ತೆಯ ಕರಪತ್ರವನ್ನು ಹರಿದು, “ಒಲಿ ಹಚ್ಚಾಕ ಇನ್ನೆರಡು ಕೊಡವಾ” ಎಂದು ಎಲ್ಲರೆದುರು ನಕ್ಕವಳು ಇವಳೇ. ದೀಕ್ಷಾಸ್ನಾನಕ್ಕೆ ನನ್ನನ್ನು ವರ್ಷವಿಡೀ ಕಾಯಿಸಿದಿರಿ. ನಾನು ಉಪವಾಸ ಮಾಡಿದೆ, ಬೈಬಲನ್ನು ಅಧ್ಯಾಯಗಟ್ಟಲೆ ಬಾಯಿಪಾಠ ಮಾಡಿದೆ. ಅವಳು ಸಭೆಗೆ ಬಂದು ತಿಂಗಳಾಗಿಲ್ಲ, ಒಂದು ವಚನವೂ ಬರುವುದಿಲ್ಲ. ಆದರೂ ನೀವು ಅವಳನ್ನು ತಬ್ಬಿಕೊಂಡು ಅತ್ತಿರಿ. ನನ್ನನ್ನು ಎಂದೂ ಹಾಗೆ ತಬ್ಬಿಕೊಂಡಿಲ್ಲ.

ರಕ್ಷಣೆ ನೇಮ ಪಾಲಿಸಿದ್ದಕ್ಕೆ ಸಿಗುವ ಕೂಲಿಯಲ್ಲ, ದೇವರ ಕೃಪೆ ಎಂದು ಅದೇ ಕರಪತ್ರದಲ್ಲಿದೆ. ಅದಕ್ಕಾಗಿ ಯಾರೊಂದಿಗೆ ಬೇಕಾದರೂ ಇಂದಿಗೂ ಜಗಳಾಡುತ್ತೇನೆ. ಅವಳಿಗೆ ಸಿಕ್ಕಿತೆಂದರೆ ಮಾತ್ರ ಹೊಟ್ಟೆ ಉರಿಯುತ್ತದೆ.

ನಿನ್ನೆ ಅವಳೇ ಫೋನ್ ಮಾಡಿದ್ದಳು. “ನೀರಂದ್ರ ಜೀವ ಹೋಗತೈತಿ ನನಗ. ನೀ ಹಿಡಕೊಂಡ್ರ ಇಳಿತೇನವಾ” ಎಂದಳು.

ಇಲ್ಲಿಯ ಹೊಳೆಯಲ್ಲಿ ಎಲ್ಲಿ ಆಳವಿದೆ ಎಂದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಬರುತ್ತೇನೆ. ಅವಳಿಗೆ ಒಣ ಸೀರೆಯನ್ನೂ ತರುತ್ತೇನೆ.

ದಂಡೆಗೆ ಬಂದ ಕೂಡಲೇ ನೀವು ಅವಳನ್ನು ತಬ್ಬಿಕೊಳ್ಳುವಿರೆಂದು ಗೊತ್ತು. ಪಕ್ಕದಲ್ಲಿ ನಾನೂ ಒದ್ದೆಯಾಗಿ ನಿಂತಿರುತ್ತೇನೆ.

ನಿಮ್ಮ
ಸುರೇಖಾ