ನಿಮ್ಮ ರೂಮು ಆ ಕಡೆ

ಮಹಾನುಭಾವ,

ಇದನ್ನು ಕಳಿಸುವುದಿಲ್ಲ; ನಿನಗೆ ಅಂಚೆಚೀಟಿಯೂ ದಂಡ.

ಇವತ್ತು ನಿನ್ನ ಹೊಸ ಕ್ಲಬ್ಬು ನಮ್ಮನ್ನು ಏಷ್ಯಾದ ಟೂರ್ನಿಯಿಂದ ಮನೆಗೆ ಕಳಿಸಿತು. ಗೋಲು ಹೊಡೆದವನು ನೀನೇ. ಹೊಡೆದು, ನಮ್ಮ ಗ್ಯಾಲರಿಗೆ ಕೈ ಮುಗಿದೆಯಲ್ಲ, ಆ ನಾಟಕಕ್ಕೆ ನಮ್ಮ ಪೆದ್ದು ಜನ ಚಪ್ಪಾಳೆಯನ್ನೂ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು.

ಆಟ ಮುಗಿದದ್ದೇ ತಡ, ನೀನು ಹಳೆಯ ಅಭ್ಯಾಸದಲ್ಲಿ ನೆಟ್ಟಗೆ ನಮ್ಮ ಡ್ರೆಸ್ಸಿಂಗ್ ರೂಮಿಗೇ ನುಗ್ಗಿದೆ. ನಮ್ಮವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ನಾನು ಎಂದಿನಂತೆ ಬೆವರಿನ ಜೆರ್ಸಿಗಳನ್ನು ಒಗೆಯಲು ಆಯುತ್ತಿದ್ದೆ.

"ನಿಮ್ಮ ರೂಮು ಆ ಕಡೆ, ಸಾರ್," ಅಂದೆ ನಾನು.

"ನನ್ನನ್ನೇ ಸಾರ್ ಅಂತೀಯೇನೋ?" ಅಂದೆ ನೀನು. ಮುಖ ಸಪ್ಪಗಾಯಿತು. ಆಗಲಿ.

ಸದ್ಯ, ಮೂಲೆಯಲ್ಲಿರುವ ನಿನ್ನ ಹಳೆಯ ಕೊಕ್ಕೆಯನ್ನು ನೀನು ನೋಡಲಿಲ್ಲ. ಈ ಸೀಸನ್ ಪೂರ್ತಿ ಅದಕ್ಕೆ ನಾನು ಯಾರ ಜೆರ್ಸಿಯನ್ನೂ ತಗುಲಿಹಾಕಿಲ್ಲ.