ಟೈರಿನ ಅಂಚಿನ ಕೂದಲು

ಪುಟ್ಟೀ,

ಹೊಲಿಗೆ ಅಂಗಡಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ತಿನ್ನು.

ಇವತ್ತು ನಿನ್ನ ಬೈಕಿಗೆ ಟೈರ್ ಹಾಕಿಸೋ ದಿನ. ಗ್ರಿಪ್ಪೇ ಮುಖ್ಯ ಅಂತ ನೀನು, ಬಾಳಿಕೆ ಮುಖ್ಯ ಅಂತ ನಿಮ್ಮಪ್ಪ, ವಾರದಿಂದ ಮನೆಯೆಲ್ಲ ರಣರಂಗ. ಬೆಳಿಗ್ಗೆ ನಾನೇ ಕುಕ್ಕರಗಾಲಲ್ಲಿ ಕೂತು ಹಿಂದಿನ ಟೈರ್ ನೋಡಿದೆ. ಪ್ಯಾಂಟು ಎಲ್ಲಿ ಸವೆದಿದೆ ಅಂತ ನೋಡಿ ತೊಟ್ಟವರು ಹೇಗೆ ಕೂರ್ತಾರೆ ಅಂತ ಹೇಳೋಳು ನಾನು! ಟೈರಿನ ನಡುಭಾಗ ಬೋಳಾಗಿ ಚಪ್ಪಟೆಯಾಗಿದೆ. ಅಂಚಿನಲ್ಲಿ ಮಾತ್ರ ಹೊಸದರಲ್ಲಿದ್ದ ರಬ್ಬರ್ ಕೂದಲು ಹಾಗೇ ನಿಂತಿದೆ, ಬೈಕ್ ವಾಲಿದ್ದರೆ ತಾನೇ ಅದು ಸವೆಯೋದು! "ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗೋ ಹಾಗೆ ವಾಲಿಸ್ತೀನಮ್ಮಾ" ಅಂತ ಎರಡು ವರ್ಷದಿಂದ ಬಿಟ್ಟಿದ್ದೆಲ್ಲ ಬುರುಡೆ. ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ, ನಾನು ಬಟ್ಟೆ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದಷ್ಟು ನೆಟ್ಟಗೆ ಓಡಿಸಿದ್ದೀಯ.

ನೀನು ಬರೆದಿಟ್ಟ ಪಟ್ಟಿಯಲ್ಲಿ ಮೂರನೇದು ತಗೋ. ನಡುವೆ ಗಟ್ಟಿ ರಬ್ಬರ್, ಅಂಚಿಗೆ ಮೆತ್ತಗಿನದು ಅಂತ ನೀನೇ ಬರೆದಿದ್ದೀಯ. ಬಾಳಿಕೆಯೂ ಬರುತ್ತೆ, ಮಳೆಯಲ್ಲಿ ತಿರುಗಿಸಿದರೆ ಹಿಡಿತವೂ ಇರುತ್ತೆ. ಟೈರ್ ಅಂಗಡಿಯವರ ಮುಂದೆ ರೇಸಿನ ಮಾತು ಎತ್ತಬೇಡ, ಅವರಿಗೂ ಕಣ್ಣಿದೆ. ಹೊಸ ಟೈರ್ ಮೊದಮೊದಲು ಜಾರುತ್ತಂತೆ, ನಿಧಾನ ಹೋಗಬೇಕಂತೆ. ಅದನ್ನ ನಿನಗೆ ಹೇಳಿಕೊಡೋದೇನೂ ಬೇಡ ಬಿಡು.

ನಿಮ್ಮಪ್ಪನಿಗೆ ಏನೂ ಹೇಳಿಲ್ಲ, ನಿನ್ನ ಮರ್ಯಾದೆ ಉಳಿಸಿದ್ದೀನಿ.

ನಿನ್ನ ಹಿಂದೆ ಕೂರೋಕೆ ಹೆದರಿ ಎರಡು ವರ್ಷ ಬಸ್ಸಿಗೆ ಕಾದೆ ನೋಡು, ನನಗೆ ಬುದ್ಧಿ ಹೇಳಬೇಕು! ಸಾಯಂಕಾಲ ಆರಕ್ಕೆ ನನ್ನ ಅಂಗಡಿ ಹತ್ತಿರ ಬಾ. ಇನ್ನೊಂದು ಹೆಲ್ಮೆಟ್ ತಾ.

ಅಮ್ಮ